ಹಸಿರು ಟಿಕ್ಕುಗಳು

ಭಾನುವಾರ ತಿಂಡಿ ಮುಗಿಯುತ್ತಲೇ ಮರುಳಸಿದ್ದಪ್ಪ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಮಗಳ ಪಕ್ಕ ಕೂತರು. ಅಂಗಡಿಗೆ ಹೋಗುವ ಲಕ್ಷಣ ಕಾಣಲಿಲ್ಲ. ಲಿಖಿತಾ ಟ್ಯಾಬನ್ನು ತನ್ನತ್ತ ಎಳೆದುಕೊಂಡಳು.

"ಇವತ್ತು ನಾನೂ ಕ್ಲಾಸ್ ಕೇಳ್ತೀನಿ. ಉತ್ತರ ಸರಿಯಾಗಿ ಹೇಳಿದ್ರೆ ಮನೇಲೇ ಓದು. ಇಲ್ಲ ಅಂದ್ರೆ ನಾಳೆ ಸ್ಕೂಲಿಗೆ ಅಡ್ಮಿಷನ್. ಹೆಡ್‌ಮಾಸ್ಟರ್ ಫೋನಿಗೆ ಕಾಯ್ತಿದ್ದಾರೆ."

ಎಂಟನೇ ಕ್ಲಾಸಿನಲ್ಲಿ ಅವಳು ಸ್ಕೂಲು ಬಿಟ್ಟಿದ್ದಳು. ಬೋರ್ಡಿನ ಮುಂದೆ ನಿಲ್ಲಿಸಿದರೆ ಗಂಟಲು ಕಟ್ಟುತ್ತಿತ್ತು, ಹಿಂದಿನ ಬೆಂಚಿನಿಂದ ನಗು ಕೇಳುತ್ತಿತ್ತು, ಬೆಳಿಗ್ಗೆ ಯೂನಿಫಾರ್ಮ್ ಹಾಕುವಾಗಲೇ ವಾಂತಿ ಬರುತ್ತಿತ್ತು. ಅಂದಿನಿಂದ ಅಮ್ಮ ಕಮಲಾದೇವಿಯೇ ಮನೆಯಲ್ಲಿ ಪಾಠ ಹೇಳುತ್ತಿದ್ದಳು. ಹತ್ತನೆಯ ಕ್ಲಾಸಿನ ಗಣಿತಕ್ಕೆ ಬಂದಾಗ ಮಾತ್ರ ಅಮ್ಮನೂ ತಡವರಿಸಿದಳು. ಆಗಲೇ ಈ ಆನ್‌ಲೈನ್ ಪಾಠಕ್ಕೆ ಮಗಳನ್ನು ಸೇರಿಸಿದ್ದು. ವಾರವಿಡೀ ಟ್ಯಾಬ್‌ನಲ್ಲಿ ವಿಡಿಯೋ ನೋಡಿ ಲೆಕ್ಕ ಮಾಡಬೇಕು, ಸರಿಯಾದರೆ ಆ ಪಾಠದ ಮುಂದೆ ಹಸಿರು ಟಿಕ್ ಬಿದ್ದು ಮುಂದಿನ ಪಾಠ ತೆರೆದುಕೊಳ್ಳುತ್ತದೆ. ಭಾನುವಾರ ಶಶಿಧರ್ ಸರ್ ಪರದೆಯಲ್ಲಿ ಲೈವ್ ಬಂದು ಪ್ರಶ್ನೆ ಕೇಳುತ್ತಾರೆ. ಲಿಖಿತಾ ಒಂದು ಭಾನುವಾರವೂ ಕ್ಯಾಮೆರಾ, ಮೈಕ್ ಹಾಕಿದವಳಲ್ಲ. ಉತ್ತರವನ್ನು ಟೈಪ್ ಮಾಡಿ ಕಳಿಸುತ್ತಿದ್ದಳು.

ಅಪ್ಪನಿಗೆ ಇದ್ದಕ್ಕಿದ್ದಂತೆ ಚಿಂತೆ ಹತ್ತಿಸಿದವರು ಕೆಳಗಿನ ಮನೆಯ ಓನರ್ ಲಕ್ಷ್ಮಿದೇವಮ್ಮ. ಜರಗನಹಳ್ಳಿಯಲ್ಲಿ ಯಾರ ಮನೆಯ ವಿಷಯವಾದರೂ ಅವರ ನಾಲಿಗೆಯ ಮೇಲೆ ಹಾದೇ ಹೋಗಬೇಕು. ಮೆಟ್ಟಿಲ ಬಳಿ ನಿಂತು ಅಂದಿದ್ದರು: "ನಿಮ್ಮುಡ್ಗಿ ಬಾಯೇ ಬಿಡಲ್ವಲ್ಲ ಸಿದ್ದಪ್ಪಾರೇ. ಮೋಟ್ರು ಆಫ್ ಮಾಡಮ್ಮಾ ಅಂದ್ರೆ ತಲೆ ಆಡಿಸ್ತಾಳೆ. ನಾಳೆ ಪರೀಕ್ಷೆ ಹಾಲಲ್ಲೂ ತಲೆ ಆಡಿಸ್ತಾಳಾ?"

ಪರದೆಯ ಮೇಲೆ ಶಶಿಧರ್ ಸರ್ ಮುಖ ಮೂಡಿತು. "ಗುಡ್ ಮಾರ್ನಿಂಗ್ ಲಿಖಿತಾ! ವರ್ಗ ಸಮೀಕರಣ ಎಲ್ಲಾ ಹಸಿರಾಗಿದೆ. ಸಖತ್ ಸ್ಪೀಡಮ್ಮಾ ನೀನು. ಎಲ್ಲಿ, ಇದನ್ನ ಬಿಡಿಸು ನೋಡೋಣ."

ಎರಡು ಎಕ್ಸ್ ವರ್ಗ, ಮೈನಸ್ ಏಳು ಎಕ್ಸ್, ಪ್ಲಸ್ ಮೂರು, ಸಮ ಸೊನ್ನೆ.

ಲಿಖಿತಾ ದಿಟ್ಟಿಸಿದಳು. ಈ ಪಾಠವನ್ನು ಅವಳು ನೋಡಿಯೇ ಇರಲಿಲ್ಲ. ಕೆಲವು ದಿನಗಳಿಂದ ಟ್ಯಾಬ್ ತೆಗೆದಾಗಲೆಲ್ಲ ಪಾಠ ಅವಳು ಬಿಟ್ಟ ಜಾಗ ದಾಟಿ ಎಲ್ಲೋ ಮುಂದಕ್ಕೆ ಹೋಗಿರುತ್ತಿತ್ತು. ಹೇಗೆಂದು ಕೇಳಲು ಬಾಯಿ ಬಂದಿರಲಿಲ್ಲ. ಹಿಂದಿನದು ಬಾರದೆ ಮುಂದಿನದರಲ್ಲಿ ತಡಕಾಡಿ, ತನ್ನ ತಲೆಯೇ ಮಂದವೆಂದು ಸುಮ್ಮನಾಗಿದ್ದಳು.

"ಯಾಕೆ, ಗೊತ್ತಿಲ್ವಾ?" ಅಪ್ಪನ ದನಿ ತಗ್ಗಿತ್ತು. ಅವರ ದನಿ ತಗ್ಗಿದರೆ ಸಿಟ್ಟು ಏರುತ್ತಿದೆ ಎಂದೇ ಅರ್ಥ.

ಲಿಖಿತಾ ತಲೆ ಎತ್ತಿದಳು. ಅಪ್ಪನ ಬೆನ್ನ ಹಿಂದೆ, ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಸೌಟು ಹಿಡಿದು ನಿಂತಿದ್ದಳು. ತುಟಿ ಆಡುತ್ತಿತ್ತು, ಸದ್ದಿಲ್ಲದೆ. ಮೂರು. ಆಮೇಲೆ, ಅರ್ಧ.

ಅಮ್ಮನಿಗೆ ಹೇಗೆ ಗೊತ್ತು?

ಸಂಜೆ ಹಾಲು ತಂದು ಟ್ಯಾಬ್ ಕೈಗೆತ್ತಿಕೊಂಡಾಗ ಅದರ ಬೆನ್ನು ಬೆಚ್ಚಗಿರುತ್ತಿದ್ದುದು ಅವಳಿಗೆ ಆಗ ನೆನಪಾಯಿತು. ಮಗಳಿಗೆ ಹೇಳಿಕೊಡಬೇಕೆಂದು ಅಮ್ಮ ತಾನೇ ಮೊದಲು ಕಲಿಯುತ್ತಿದ್ದಳು, ಮಗಳ ಲಾಗಿನ್‌ನಲ್ಲೇ. ಪುಸ್ತಕದ ಲೆಕ್ಕವನ್ನು ಎಷ್ಟು ಜನ ಮಾಡಿದರೂ ಅದು ಹಾಗೇ ಇರುತ್ತದಲ್ಲ, ಇದೂ ಹಾಗೇ ಎಂದುಕೊಂಡಿರಬೇಕು.

ಮೂರು, ಅರ್ಧ. ಟೈಪ್ ಮಾಡಿದರೆ ಸಾಕು. ಅಪ್ಪ ತಿರುಗಿ ನೋಡುವುದಿಲ್ಲ, ನಾಳೆ ಯೂನಿಫಾರ್ಮ್ ಇರುವುದಿಲ್ಲ. ಆದರೆ ಮುಂದಿನ ಪ್ರಶ್ನೆಗೆ? ಪರೀಕ್ಷೆ ಹಾಲಿನ ಬಾಗಿಲಲ್ಲಿ ಅಮ್ಮ ಇರುತ್ತಾಳೆಯೇ?

ಬೆರಳು ಕೀಲಿಗಳವರೆಗೆ ಹೋಯಿತು. ಅಲ್ಲಿಂದ ಸರಿದು ಮೈಕ್ ಒತ್ತಿತು.

"ಸರ್..." ಉಗುಳು ನುಂಗಿದಳು. "ಸರ್, ಈ ಪಾಠ ನಾನು ಮಾಡಿಲ್ಲ. ಆ ಟಿಕ್ ನಂದಲ್ಲ."

"ಮತ್ತೆ ಯಾರ್ದು?" ಅಪ್ಪ ಕುರ್ಚಿ ಬಿಟ್ಟೆದ್ದರು.

ಲಿಖಿತಾ ಪರದೆಯ ಮೇಲೇ ಕಣ್ಣಿಟ್ಟಳು. ಬಾಗಿಲ ಕಡೆ ನೋಡಲಿಲ್ಲ.

"ನಂದು ಕಣ್ರೀ," ಎಂದಳು ಕಮಲಾದೇವಿ. "ಅವ್ಳಿಗೆ ಹೇಳ್ಕೊಡೋಣ ಅಂತ, ದಿನಾ ಸಂಜೆ ಅವ್ಳು ಹಾಲಿಗೆ ಹೋದಾಗ ಕೂತು ಕಲಿತಿದ್ದೆ. ನಾನು ಮಾಡಿದ್ರೆ ಅವ್ಳ ಪಾಠ ದಾಟ್ಕೊಂಡು ಹೋಗತ್ತೆ ಅಂತ ನಂಗೇನ್ ಗೊತ್ತು?"

"ಚೆನ್ನಾಗಿದೆ! ಪರೀಕ್ಷೆನೂ ನೀನೇ ಬರಿ!"

"ಸಾರ್, ಒಂದ್ನಿಮಿಷ," ಎಂದರು ಶಶಿಧರ್. ಅವರಿಗೆ ನಗು ತಡೆಯಲಾಗುತ್ತಿರಲಿಲ್ಲ. "ಲಿಖಿತಾ, ನೀನೇ ಮಾಡಿದ ಕೊನೇ ಪಾಠ ಯಾವ್ದು?"

"ಜೋಡಿ ಸಮೀಕರಣ."

"ಹಾಗಾದ್ರೆ ಅದ್ರಲ್ಲೇ ಒಂದು. ಜೋರಾಗಿ ಹೇಳ್ಕೊಂಡು ಮಾಡು."

ಅಪ್ಪ ನಿಂತೇ ಇದ್ದರು. ಲಿಖಿತಾ ಶುರುಮಾಡಿದಳು. ದನಿ ಮೊದಲು ಅವಳಿಗೇ ಕೇಳಿಸದಷ್ಟು ಸಣ್ಣಗಿತ್ತು. ನಡುವೆ ಉತ್ತರ ಎಲ್ಲೆಲ್ಲೋ ಹೋಯಿತು. "ತಡೀರಿ ಸರ್, ಮೈನಸ್ ಬಿಟ್ಟೆ," ಎಂದು ಹಿಂದೆ ಬಂದಳು. "ಎಕ್ಸ್ ಎರಡು. ವೈ ಮೂರು."

"ಸರಿ. ವರ್ಗ ಸಮೀಕರಣದ ಟಿಕ್ ಎಲ್ಲಾ ಅಳಿಸ್ತೀನಿ. ಮೇಡಂ, ನಿಮಗೆ ಬೇರೆ ಲಾಗಿನ್ ಕೊಡ್ತೀನಿ. ಇಬ್ರಿಗೂ ಹೋಮ್‌ವರ್ಕ್!"

ಮರುಳಸಿದ್ದಪ್ಪ ಮೊಬೈಲ್ ತೆಗೆದುಕೊಂಡು ಬಾಲ್ಕನಿಗೆ ಹೋದರು. ಲಿಖಿತಾ ಕುರ್ಚಿಯ ಅಂಚು ಹಿಡಿದುಕೊಂಡಳು. ರಸ್ತೆಯ ಬಸ್ಸಿನ ಹಾರನ್ ಅಪ್ಪನ ಮೊದಲ ಮಾತನ್ನೇ ನುಂಗಿತು.

"...ಇಲ್ಲ ಸಾರ್, ನಾಳೆ ಬರಲ್ಲ. ಮನೇಲೇ ಓದ್ಲಿ." ಆ ಕಡೆಯಿಂದ ಹೆಡ್‌ಮಾಸ್ಟರ್ ಏನೋ ಕೇಳಿದರು. "ಗಣಿತಾನಾ? ಅರ್ಧ ಬರಲ್ಲ. ಆದ್ರೆ ಬರಲ್ಲ ಅಂತ ಬಾಯ್ಬಿಟ್ಟು ಹೇಳಿದ್ಲು."