ಪಟ್ಟಿ ಕೆಟ್ಟಿದೆ, ಸರಿಪಡಿಸಲಾಗಿದೆ

ಬೆಳಿಗ್ಗೆ ಹತ್ತೂವರೆಗೆ ಒಂದು ಆಸ್ಪತ್ರೆಯಿಂದ ಬಂದ ಲಾಗ್‌ನಲ್ಲಿ, ಅಂದರೆ ಯಂತ್ರ ತಾನೇ ಬರೆದಿಡುವ ದಿನಚರಿಯಲ್ಲಿ, ನಾನೇ ಬರೆದ ಸಾಲು ನಾಲ್ಕು ಕಡೆ ಇತ್ತು: "ಪಟ್ಟಿ ಕೆಟ್ಟಿದೆ, ಸರಿಪಡಿಸಲಾಗಿದೆ." ಮೊದಲು ನನಗೆ ಹೆಮ್ಮೆಯೇ ಆಯಿತು. ಹೆಮ್ಮೆಪಡುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವಳಲ್ಲ.

ನಮ್ಮ ಕಂಪನಿ ಆಸ್ಪತ್ರೆಗಳಿಗೆ ಮಾನಿಟರ್ ಮಾಡುತ್ತದೆ. ಹಸುಗೂಸಿನ ಉಸಿರೋ ಎದೆಬಡಿತವೋ ತಪ್ಪಿದರೆ ಕೂಗಿಕೊಳ್ಳುವ ಯಂತ್ರ. ಅದರ ಕರ್ನಲ್, ಅಂದರೆ ಎಲ್ಲಕ್ಕಿಂತ ಕೆಳಗೆ ಕೂತು ಯಂತ್ರವನ್ನು ನಡೆಸುವ ಕೋಡ್, ನನ್ನ ಪಾಲಿನದು. ಅದರೊಳಗೆ ಪಟ್ಟಿಗಳಿರುತ್ತವೆ. ಸರದಿಯಲ್ಲಿ ನಿಂತವರಂತೆ, ಪಟ್ಟಿಯಲ್ಲಿರುವ ಪ್ರತಿಯೊಂದಕ್ಕೂ ತನ್ನ ಹಿಂದೆ ಯಾರು, ಮುಂದೆ ಯಾರು ಎಂಬುದಷ್ಟೇ ಗೊತ್ತು. ಒಂದರ ನೆನಪು ಕೆಟ್ಟರೆ ಸರದಿಯೇ ತುಂಡಾಗುತ್ತದೆ. ಮೊದಲೆಲ್ಲ ಹಾಗಾದಾಗ ಯಂತ್ರ ಜೋರಾಗಿ ಕಿರುಚಿ, ನಿಂತು, ಹತ್ತು ಸೆಕೆಂಡಿನಲ್ಲಿ ಮತ್ತೆ ಶುರುವಾಗುತ್ತಿತ್ತು. ಆಸ್ಪತ್ರೆಯವರು ದೂರು ಕೊಟ್ಟು ಕೊಟ್ಟು ಮ್ಯಾನೇಜರ್ ತಲೆ ತಿಂದರು, ಅವರು ನನ್ನ ತಲೆ ತಿಂದರು. ಕಳೆದ ವರ್ಷ ನಾನೊಂದು ಉಪಾಯ ಹೂಡಿದೆ: ಪಟ್ಟಿ ಕೆಟ್ಟರೆ ನಿಲ್ಲಬೇಡ, ಅದನ್ನು ಖಾಲಿ ಮಾಡಿ ಮುಂದೆ ಹೋಗು. ದೂರುಗಳು ನಿಂತವು, ನನಗೆ ಚಪ್ಪಾಳೆ ಸಿಕ್ಕಿತು.

ಪಕ್ಕದ ಮೇಜಿನ ಹಿರಿಯರನ್ನು ನಾವೆಲ್ಲ ಮೇಷ್ಟ್ರು ಎನ್ನುತ್ತೇವೆ. ಪ್ರಶ್ನೆ ಕೇಳದೆ ಅವರಿಗೆ ಗಂಟಲಲ್ಲಿ ಕಾಫಿ ಇಳಿಯುವುದಿಲ್ಲ. ನನ್ನ ಪರದೆಯತ್ತ ಬಗ್ಗಿದರು.

"ಖಾಲಿ ಮಾಡ್ತೀಯಲ್ಲಮ್ಮ, ಅದರಲ್ಲಿ ಇದ್ದಿದ್ದೆಲ್ಲ ಎಲ್ಲಿಗೆ ಹೋಗುತ್ತೆ?"

"ಹೋದ್ರೆ ಹೋಗ್ಲಿ ಸರ್. ಅದು ಲಾಗ್ ಸಾಲುಗಳ ಪಟ್ಟಿ. ನಾಲ್ಕು ಸಾಲು ಹೋದ್ರೆ ಯಾರ ಗಂಟೇನು ಹೋಗುತ್ತೆ?"

"ಅದೊಂದಕ್ಕೇನಾ ಹಾಕಿರೋದು?"

ಒಂದಕ್ಕೆ ಮಾತ್ರ ಎಂದು ಬರೆದ ಆ ಏಳು ಸಾಲು ಕೋಡನ್ನು, ಮುಂದೆ ಉಪಯೋಗಕ್ಕೆ ಬಂದೀತೆಂದು, ಎಲ್ಲ ಪಟ್ಟಿಗಳೂ ಬಳಸುವ ಫೈಲಿನಲ್ಲಿ ಇಟ್ಟುಬಿಟ್ಟಿದ್ದೆ. ಲಾಗ್ ಬಿಚ್ಚಿ ನೋಡಿದೆ. ನಾಲ್ಕರಲ್ಲಿ ಮೂರು ಸಲ ಖಾಲಿಯಾಗಿದ್ದು ಲಾಗ್ ಸಾಲುಗಳ ಪಟ್ಟಿ. ನಾಲ್ಕನೆಯ ಸಲ, ಕೂಗಲು ಕಾದು ನಿಂತಿದ್ದ ಅಲಾರಂಗಳ ಪಟ್ಟಿ.

ಅಕ್ಕನ ಮಗು ಏಳು ತಿಂಗಳಿಗೇ ಹುಟ್ಟಿ, ಹನ್ನೆರಡು ದಿನದಿಂದ ಬೇರೊಂದು ಆಸ್ಪತ್ರೆಯಲ್ಲಿ ನಮ್ಮದೇ ಮಾನಿಟರ್ ಪಕ್ಕದಲ್ಲಿ ಮಲಗಿತ್ತು.

ಮ್ಯಾನೇಜರ್ ಕೋಣೆಗೆ ಓಡಿದೆ. ಅವರು ಹಳೆಯ ಕೋಡ್ ವಾಪಸ್ ಹಾಕಲು ಒಪ್ಪಿದರು.

"ಸಂಜೆಗೆ ಎಲ್ಲಾ ಮೆಷಿನ್‌ಗೂ ಕಳಿಸೋಣ. ಅಲ್ಲೀವರೆಗೆ ಯಾರ ಹತ್ರನೂ ಬಾಯಿ ಬಿಡಬೇಡ. ಮೊದ್ಲು ವಕೀಲರು ನೋಡ್ಲಿ."

"ಸಂಜೆವರೆಗೆ ಮಕ್ಕಳು ಉಸಿರಾಡ್ತಿರ್ಬೇಕಲ್ಲ ಸರ್!"

"ಕೂಗಾಡ್ಬೇಡ."

ಅವರೆದುರೇ ಅಕ್ಕನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಮೂರನೇ ಸಲ ಪಿಸುದನಿಯಲ್ಲಿ ಮಾತಾಡಿದಳು.

"ಏನೇ ನಿಂದು ಗಲಾಟೆ? ವಾರ್ಡಲ್ಲಿದ್ದೀನಿ. ನಿನ್ನ ಮೆಷಿನ್ ಎಷ್ಟು ಒಳ್ಳೇದು ಗೊತ್ತಾ? ನಿನ್ನೆಯಿಂದ ಒಂದು ಸಲನೂ ಕೂಗಿಲ್ಲ."

"ಅಕ್ಕಾ, ಮೆಷಿನ್ ಬಿಡು, ಮಗು ನೋಡು! ಉಸಿರಾಡ್ತಿದ್ಯಾ? ನರ್ಸ್‌ನ ಕರಿ, ಈಗ್ಲೇ."

ಕುರ್ಚಿ ಸರಿದ ಸದ್ದು ಕೇಳಿಸಿತು. ಯಾರೋ ಓಡಿಬಂದರು, ಒಬ್ಬ ಹೆಂಗಸು ಏನೋ ಹೇಳಿದಳು.

"ನರ್ಸ್ ಕೈಯಿಟ್ಟು ನೋಡಿದ್ರು. ಚೆನ್ನಾಗಿದೆ ಕಣೇ," ಎಂದಳು ಅಕ್ಕ. "ಯಾಕೆ, ಏನಾಯ್ತು?"

"ಒಂದೊಂದ್ಸಲ ಅಲಾರಂ ನುಂಗಿಬಿಡುತ್ತೆ ಅದು. ನಾನೇ ತಪ್ಪು ಬರೆದಿದ್ದೀನಿ. ಸಂಜೆಗೆ ಸರಿಹೋಗುತ್ತೆ. ಅಲ್ಲೀವರೆಗೆ ಮಗು ಮೇಲಿಂದ ಕಣ್ಣು ತೆಗೀಬೇಡ. ಯಾರಿಗೂ ಹೇಳ್ಬೇಡ."

ಬೈಯುತ್ತಾಳೆಂದು ಕಾದೆ.

"ಇಲ್ಲಿ ಇನ್ನೂ ಒಂಬತ್ತು ಮಕ್ಕಳಿವೆ ಕಣೇ. ಅವುಗಳ ಚಿಕ್ಕಮ್ಮಂದಿರು ಯಾರೂ ನಿಮ್ಮ ಆಫೀಸಲ್ಲಿಲ್ಲ."

ಎದುರಿಗೆ ಮ್ಯಾನೇಜರ್ ಬೇಡ ಬೇಡ ಎಂದು ಕೈಯಾಡಿಸುತ್ತಿದ್ದರು.

"ಫೋನ್ ನರ್ಸ್ ಕೈಗೆ ಕೊಡಕ್ಕಾ," ಎಂದೆ.