ಲವಂಗದ ಹಿಂದಿನ ವಾಸನೆ

ಗ್ಲಾಸಿನ ಬಾಯಿಗೆ ಅಂಗೈ ಮುಚ್ಚಿ ಸಂಘಮಿತ್ರಾ ಇನ್ನೊಮ್ಮೆ ಕಾದಳು. ಮೊದಲ ಸಲ ಮೂಗಿಗೆ ಬಂದದ್ದು ತನ್ನ ದಣಿವಿನ ತಪ್ಪಾಗಿರಲಿ ಎಂದುಕೊಂಡು ಅಂಗೈ ತೆಗೆದಳು. ಜೇನು ಬಂತು. ಕಳಿತ ಬಾಳೆಹಣ್ಣು ಬಂತು. ಅದರ ಬೆನ್ನಿಗೆ ಲವಂಗ. ಬೆಲ್ಜಿಯಂ ಮಾದರಿಯ ಬ್ಲಾಂಡ್ ಬಿಯರ್ ಅಂದಮೇಲೆ ಇಷ್ಟು ಇರಬೇಕು, ಇಲ್ಲಿಗೆ ಮುಗಿಯಬೇಕು. ಮುಗಿಯಲಿಲ್ಲ. ಲವಂಗದ ಹಿಂದೆ ತೆಳ್ಳಗೆ, ಆಗಷ್ಟೇ ಬಿಚ್ಚಿದ ಬ್ಯಾಂಡೇಜಿನಂಥ ಒಂದು ವಾಸನೆ ನಿಂತಿತ್ತು.

ಮೇಜಿನ ಆಚೆ ಸ್ನೇಹಲ ಅವಳ ಮುಖವನ್ನೇ ನೋಡುತ್ತಿದ್ದಳು. ಈ ಬಿಯರ್ ಸ್ನೇಹಲಳದು. ಸೋಲಾಪುರ ರಸ್ತೆಯ ಈ ಹೋಟೆಲಿನ ಹಿಂಭಾಗದಲ್ಲಿ ಬಿಯರ್ ಮಾಡಲು ಶುರುಮಾಡಿ ಎರಡು ವರ್ಷವಾಗಿತ್ತು. ಅಷ್ಟೂ ದಿನ ಬೇರೆಯವರು ಬರೆದುಕೊಟ್ಟ ಅಳತೆಯಲ್ಲಿ ಕುದಿಸಿ ಸಾಕಾಗಿ, ಮೊದಲ ಬಾರಿಗೆ ಸ್ನೇಹಲ ತನ್ನದೇ ಅಳತೆಯಲ್ಲಿ ಮಾಡಿದ್ದಳು. ಶುಕ್ರವಾರ ಗಿರಾಕಿಗಳಿಗೆ ಕೊಡುತ್ತೇವೆಂದು ಮಾಲೀಕ ನಂದಕಿಶೋರ ಗೇಟಿನಲ್ಲಿ ಬೋರ್ಡನ್ನೂ ಹಾಕಿಸಿಯಾಗಿತ್ತು. ಇವತ್ತು ಬುಧವಾರ. ಮೂವರೂ ರುಚಿ ನೋಡಿ, ಐವತ್ತಕ್ಕೆ ಅಂಕ ಹಾಕಿ, ಹಾಳೆಯ ಕೊನೆಗೆ ಸಹಿ ಮಾಡಬೇಕು. ಎಲ್ಲರೂ ಬರೆದು ಮುಗಿಸುವ ತನಕ ಬಿಯರಿನ ಬಗ್ಗೆ ಯಾರೂ ತುಟಿ ಬಿಚ್ಚಬಾರದು. ದೋಷ ಕಂಡವರು ಅದರ ಕಾರಣವನ್ನೂ ಬರೆಯಬೇಕು. ಗುಣಮಟ್ಟ ನೋಡಿಕೊಳ್ಳುವ ಸಂಘಮಿತ್ರಾ ಒಪ್ಪದಿದ್ದರೆ ಐನೂರು ಲೀಟರೂ ಗಟಾರಕ್ಕೆ. ಈ ನಿಯಮಗಳನ್ನು ಮಾಡಿದ್ದು ಅವಳೇ.

ರುಚಿ ನೋಡುವ ದಿನ ಅವಳು ಖಾರ ಮುಟ್ಟುತ್ತಿರಲಿಲ್ಲ, ತಲೆಗೆ ಎಣ್ಣೆ ಹಚ್ಚುತ್ತಿರಲಿಲ್ಲ. ಜಲನಗರದ ಮನೆಯಲ್ಲಿ ಅವ್ವ ರೇಣವ್ವ ಬಡಿದ ಬಿಸಿ ರೊಟ್ಟಿ ಬಿಟ್ಟು ಬರೀ ಮೊಸರನ್ನ ತಿಂದು ಬರುತ್ತಿದ್ದಳು. ಬಿಯರನ್ನು ನುಂಗುತ್ತಿರಲಿಲ್ಲ, ಬಾಯಲ್ಲಿ ತಿರುಗಿಸಿ ಬಕೆಟ್ಟಿಗೆ ಉಗುಳುತ್ತಿದ್ದಳು. ಆದರೂ ಭಾನುವಾರ ಬುದ್ಧ ವಿಹಾರದಲ್ಲಿ ಪಂಚಶೀಲ ಹೇಳುವಾಗ, ಮದ್ಯ ಮುಟ್ಟುವುದಿಲ್ಲವೆಂಬ ಐದನೆಯ ಸಾಲಿಗೆ ಬಂದರೆ ಅವಳ ದನಿ ತಾನಾಗಿಯೇ ಸಣ್ಣದಾಗುತ್ತಿತ್ತು.

ನಂದಕಿಶೋರ ತನ್ನ ಹಾಳೆಯನ್ನು ಬೋರಲು ಹಾಕಿದ. "ನಂದು ಮುಗೀತ್ರಿ ಮೇಡಂ. ಲಗೂ ಮಾಡ್ರಿ."

"ಸರ್, ಮುಂಜಾನೆ ಗಿರಮಿಟ್ ತಿಂದು ಬಂದೀರಿ."

"ನಿಮಗ ಹೆಂಗ ಗೊತ್ತಾತು?"

"ಉಳ್ಳಾಗಡ್ಡಿ ಇಲ್ಲಿತನಾ ಬರಾಕತ್ತೈತ್ರಿ."

ಸ್ನೇಹಲ ನಕ್ಕಳು. "ಇವರು ಗಿರಮಿಟ್‌ಗೇ ಮಾರ್ಕ್ಸ್ ಹಾಕಿರ್ತಾರ ನೋಡ್ರಿ."

ಸಂಘಮಿತ್ರಾಳಿಗೆ ನಗು ಬರಲಿಲ್ಲ. ಒಂದು ಗುಟುಕು ಬಾಯಿಗೆ ಹಾಕಿಕೊಂಡಳು. ಬಣ್ಣ ಚೆನ್ನಾಗಿತ್ತು, ನೊರೆ ಚೆನ್ನಾಗಿತ್ತು, ಸಿಹಿ ಎಷ್ಟು ಬೇಕೋ ಅಷ್ಟಕ್ಕೆ ನಿಂತು ಒಣಗುತ್ತಿತ್ತು. ಉಗುಳಿದ ಮೇಲೆ ಅಂಗುಳಿನಲ್ಲಿ ಉಳಿದದ್ದು ಮಾತ್ರ ಅದೇ. ಅದಕ್ಕೊಂದು ಹೆಸರಿದೆ, ಪುಸ್ತಕದಲ್ಲಿ ಓದಿದ್ದಳು. ಆದರೆ ಅವಳಿಗೆ ಅದು ಪುಸ್ತಕದಿಂದ ಗೊತ್ತಾದದ್ದಲ್ಲ. ತರಬೇತಿಗೆ ಹೋದಾಗ ಹತ್ತು ಶೀಶೆಗಳನ್ನು ಸಾಲಾಗಿ ಇಟ್ಟು ವಾಸನೆ ಗುರುತಿಸಲು ಹೇಳಿದ್ದರು. ಉಳಿದವರು ತಡವರಿಸಿದ ಆ ಒಂದು ಶೀಶೆಯನ್ನು ಅವಳು ಮೂಸಿದ ಕೂಡಲೇ ಗುರುತಿಸಿದ್ದಳು. ಅದು ಅಪ್ಪನ ಅಂಗಿಯ ವಾಸನೆಗೆ ತೀರಾ ಹತ್ತಿರವಿತ್ತು.

ಅಪ್ಪ ಹಣಮಂತರಾಯ ಟಿಕೋಟಾ ಹತ್ತಿರದ ಘೋಣಸಗಿಯಲ್ಲಿ ಇಪ್ಪತ್ತಾರು ವರ್ಷ ಪಂಚಾಯಿತಿಯ ವಾಟರ್‌ಮನ್ ಆಗಿದ್ದ. ನಿವೃತ್ತನಾಗಿ ಮಗಳ ಮನೆಗೆ ಬಂದವನು ಮೂರು ತಿಂಗಳು ಕಿಟಕಿಯ ಬಳಿ ಕೂತು ಓಣಿಯ ನಳಗಳನ್ನು ಬೈದ. ನೋಡಲಾಗದೆ ಅವಳೇ ನಂದಕಿಶೋರನಿಗೆ ಹೇಳಿ ಇಲ್ಲಿನ ನೀರಿನ ಕೋಣೆಗೆ ಹಾಕಿಸಿದ್ದಳು. ಅಂದಿನಿಂದ ಅಪ್ಪ ಮನೆಯಲ್ಲಿ ಒಂದು ರೊಟ್ಟಿ ಹೆಚ್ಚು ತಿನ್ನುತ್ತಿದ್ದ.

ಅವಳು ಪೆನ್ನು ಕೆಳಗಿಟ್ಟಳು. "ನೀರಿನ ಕೋಣಿಗೆ ಹೋಗಿ ಬರ್ತೇನ್ರಿ. ಐದು ನಿಮಿಷ."

ಸ್ನೇಹಲಳ ನಗು ನಿಂತಿತು.

ಅಪ್ಪ ಪೈಪಿನ ತಿರುವಿಗೆ ಬಟ್ಟೆ ಸುತ್ತಿ ಒರೆಸುತ್ತಿದ್ದ. "ಯಾಕ ಯವ್ವಾ, ಮಾರಿ ಸಣ್ಣ ಮಾಡ್ಕೊಂಡಿ? ಹೊಟ್ಟಿಗಿ ಮೊಸರನ್ನ ತಿಂದ್ರ ಇಷ್ಟ ನೋಡು."

"ಯಪ್ಪಾ, ಹೋದ ತಿಂಗಳ ದೊಡ್ಡ ಮಳಿ ಆತಲ್ಲ. ಅವತ್ತು ಟಾಕ್ಯಾಗ ಏನರ ಹಾಕಿದ್ದೇನು?"

"ಹಾಕದ ಬಿಡ್ತೇನೇನು?" ಅಪ್ಪನ ಮುಖ ಅರಳಿತು. "ಬೋರಿನ ನೀರು ರಾಡಿ ರಾಡಿ ಬಂದಿತ್ತು. ಬ್ಲೀಚಿಂಗ್ ಪುಡಿ ಎರಡ ಮುಟಗಿ ಒಗದೆ. ಮರದಿನ ನೋಡಬೇಕಿತ್ತು ನೀನು, ತಳದಾಗ ಸೂಜಿ ಬಿದ್ರ ಕಾಣ್ತಿತ್ತು."

"ಪುಡಿ ಎಲ್ಲಿಂದ ತಂದಿ?"

"ಊರಾಗ ಇದ್ದಾಗಿಂದು ಒಂದ ಡಬ್ಬಿ ಉಳದಿತ್ತು. ಇಷ್ಟು ದೊಡ್ಡ ಹೋಟೆಲ್ ಕಟ್ಟ್ಯಾರ, ಒಂದು ಚಮಚಾ ಪುಡಿ ಇಟ್ಟಿಲ್ಲ ಅಂತೀನಿ."

ಅವಳು ಗೋಡೆಗೆ ಒರಗಿದಳು. ಅಪ್ಪ ವಾಟರ್‌ಮನ್ ಆದ ಮೊದಲ ವರ್ಷ ಮೇಲಿನ ಓಣಿಯ ಕೆಲವು ಮನೆಗಳು ನಳ ಬಿಟ್ಟು ಹೊಲದ ಬಾವಿಯಿಂದ ನೀರು ತರಿಸುತ್ತಿದ್ದವು. ಯಾರ ಕೈ ಮುಟ್ಟಿದ ನೀರು ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ನೀರು ಒಂಥರಾ ಐತಿ ಎನ್ನುತ್ತಿದ್ದರು, ಅಷ್ಟೆ. ಆಗಿನಿಂದ ಅಪ್ಪ ಟಾಕಿಯ ಏಣಿ ಹತ್ತುವಾಗ ಪುಡಿಯ ಡಬ್ಬಿಯನ್ನು ಊರಿಗೆಲ್ಲ ಕಾಣುವಂತೆ ಎತ್ತಿ ಹಿಡಿಯುತ್ತಿದ್ದ. ಅಳತೆಗಿಂತ ತುಸು ಹೆಚ್ಚೇ ಹಾಕುತ್ತಿದ್ದ. ವಾಸನೆ ಬಂದರೆ ನೀರು ಶುದ್ಧವಾಯಿತೆಂದು ಜನ ನಂಬಿದರು. ಮೂರನೆಯ ವರ್ಷ ಆ ಮನೆಗಳ ಕೊಡಗಳೂ ನಳಕ್ಕೆ ಬಂದವು. ಇದನ್ನು ಅಪ್ಪ ಎಂದೂ ಕಥೆಯಾಗಿ ಹೇಳಿರಲಿಲ್ಲ. ಅವ್ವ ಹೇಳಿದ್ದಳು.

ಗೋಡೆಯ ಮೇಲೆ ಇದ್ದಿಲಿನ ಫಿಲ್ಟರ್ ಇತ್ತು. ಬೋರಿನ ನೀರು ಟಾಕಿಯಿಂದ ಅದರೊಳಗೆ ಹಾದು ಬಿಯರಿನ ಹಂಡೆಗೆ ಹೋಗಬೇಕು. ಈ ಬಿಯರಿಗೆ ಹೋದದ್ದು ಆ ಮಳೆಯ ಮರುದಿನದ ನೀರೇ. ಅದರ ಕೊರಳಿಗೆ ಕಟ್ಟಿದ್ದ ಚೀಟಿಯ ಮೇಲಿನ ತಾರೀಖು ದಾಟಿ ಎರಡು ತಿಂಗಳಾಗಿತ್ತು. ಬದಲಿಸಬೇಕಾದವಳು ಅವಳು. ನಾಳೆ, ನಾಡಿದ್ದು ಎಂದು ತಳ್ಳುತ್ತಲೇ ಬಂದಿದ್ದಳು. ಹೊಸ ಫಿಲ್ಟರ್ ಇದ್ದಿದ್ದರೆ ಪುಡಿಯ ವಾಸನೆಯನ್ನು ಹೀರಿಕೊಂಡುಬಿಡುತ್ತಿತ್ತು. ಚೀಟಿ ನೋಡಿದಾಗ ನಾಚಿಕೆಯಾಗಬೇಕಿತ್ತು. ಆದದ್ದು ಒಂದು ಬಗೆಯ ಸಮಾಧಾನ.

"ಬಿಯರ್ ಹೆಂಗ ಆಗೇತಿ?" ಅಪ್ಪ ಕೇಳಿದ.

"ಇನ್ನಾ ಬರಿಯಾಕತ್ತೇನಿ," ಎಂದು ಹೊರಬಂದಳು.

ಹಾಳೆಯಲ್ಲಿ ಬರೆದಳು. ದೋಷ: ಔಷಧಿಯ ವಾಸನೆ, ಕ್ಲೋರಿನ್ನಿನಿಂದ. ಕಾರಣ: ಇದ್ದಿಲಿನ ಫಿಲ್ಟರನ್ನು ಸಕಾಲದಲ್ಲಿ ಬದಲಿಸಿಲ್ಲ. ಹೊಣೆ ನನ್ನದು. ಎರಡು ಸಲ ಓದಿಕೊಂಡಳು. ಒಂದು ಅಕ್ಷರವೂ ಸುಳ್ಳಿರಲಿಲ್ಲ. ಸಹಿ ಹಾಕಿದಳು.

ಮೂರು ಹಾಳೆಗಳನ್ನೂ ತಿರುವಿ ಹಾಕಿದರು. ನಂದಕಿಶೋರ ನಲವತ್ತೊಂದು ಕೊಟ್ಟಿದ್ದ, ಸ್ನೇಹಲ ಮೂವತ್ತೆಂಟು, ಅವಳು ಹತ್ತೊಂಬತ್ತು.

"ಹತ್ತೊಂಬತ್ತ?" ನಂದಕಿಶೋರ ಹಾಳೆಯನ್ನು ಬೆಳಕಿಗೆ ಹಿಡಿದ. "ಲವಂಗರೀ ಅದು! ಬೆಲ್ಜಿಯಂದು ಅಂದ್ರ ಹಿಂಗ ಇರ್ತದ ಅಂತ ಇಕೀನ ಹೇಳ್ಯಾಳ."

ಸ್ನೇಹಲ ತನ್ನ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ ಮೂಸಿದಳು. ಮತ್ತೆ ಮೂಸಿದಳು. "ಅದ," ಎಂದಳು ಸಣ್ಣಗೆ. "ಒಂದು ವಾರದಿಂದ ಅದ. ನಾ ಲವಂಗ, ಲವಂಗ ಅಂತ ನನಗ ನಾನ ಹೇಳ್ಕೋತ ಬಂದೆ." ಗ್ಲಾಸು ಇಟ್ಟು ಸಂಘಮಿತ್ರಾಳ ಹಾಳೆಯನ್ನು ಎಳೆದುಕೊಂಡು ಓದಿದಳು. "ಫಿಲ್ಟರ್ ಹಳೇದಿರ್ಲಿ. ನಮ್ಮದು ಬೋರಿನ ನೀರು, ಸಂಘಮಿತ್ರಾ. ಅದರಾಗ ಕ್ಲೋರಿನ್ ಎಲ್ಲಿಂದ ಬಂತು?"

ಸಂಘಮಿತ್ರಾ ಪೆನ್ನಿನ ಮುಚ್ಚಳ ಹಾಕಿದಳು. ತೆಗೆದಳು.

"ನಾ ಹಾಕೀನ್ರಿ."

ಅಪ್ಪ ಬಾಗಿಲಲ್ಲಿ ಟವೆಲ್ಲಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದ. ಮಗಳ ಹಿಂದೆಯೇ ಬಂದಿದ್ದಿರಬೇಕು. ತಪ್ಪೊಪ್ಪಿಕೊಳ್ಳುವ ದನಿಯಾಗಿರಲಿಲ್ಲ ಅದು. ಯಾರೋ ದಾರಿ ಕೇಳಿದರೆ ತೋರಿಸುವವನ ದನಿ. "ಬ್ಲೀಚಿಂಗ್ ಪುಡಿರಿ. ಮಳಿ ಆದಾಗ." ಆಮೇಲೆ ಅವನಿಗೆ ಮೂವರ ಮುಖಗಳೂ ಕಂಡವು. "ಯಾಕ್ರಿ, ಏನಾತು?"

ಅವನೇ ಮೇಜಿನ ಹತ್ತಿರ ಬಂದ. "ನೋಡ್ಲೇನ್ರಿ?"

ಸ್ನೇಹಲ ತನ್ನ ಗ್ಲಾಸನ್ನು ಕೊಟ್ಟಳು. ಜೀವಮಾನದಲ್ಲಿ ಹೆಂಡ ಮುಟ್ಟದ ಮನುಷ್ಯ ಅದನ್ನು ಬಿಸಿ ಪಾತ್ರೆಯಂತೆ ದೂರಕ್ಕೆ ಹಿಡಿದ, ಆಮೇಲೆ ಮೂಗಿಗೆ ತಂದ.

"ಊರಾಗಿನ ಟಾಕಿ ಮುಚ್ಚಳಾ ತಗದಂಗ ಆತು ನೋಡ್ರಿ," ಎಂದು ನಕ್ಕ. ನಗು ಮುಗಿಯುವ ಮೊದಲೇ ಮಗಳ ಕಡೆ ತಿರುಗಿದ. "ಇದು ಬರಬಾರದಿತ್ತೇನು?"

"ಬರಬಾರದಿತ್ತಪ್ಪಾ."

"ಮತ್ತ ಆಗಳೆ ಯಾಕ ಹೇಳಲಿಲ್ಲ ನೀನು?"



ನಂದಕಿಶೋರ ಕುರ್ಚಿಗೆ ಒರಗಿ ಕಣ್ಣು ಒತ್ತಿಕೊಂಡ. "ಯಾರು ಹೇಳಿದ್ರು ನಿಮಗ, ಹಾಕ್ರಿ ಅಂತ?"

"ಯಾರೂ ಹೇಳಿಲ್ಲರಿ. ನೀರಿಗೆ ಪುಡಿ ಹಾಕಾಕ ಯಾರರ ಹೇಳಬೇಕೇನ್ರಿ?"

"ಸರ್, ಫಿಲ್ಟರ್ ನಂದ್ರಿ. ಅದನ್ನ ನಾನು ಬದಲಿ ಮಾಡಿದ್ರ..."

"ನೀವು ಬರದದ್ದು ಖರೇ ಅದ ಮೇಡಂ. ಆದ್ರ ಅರ್ಧಾ." ಅವನ ದನಿಯಲ್ಲಿ ಸಿಟ್ಟಿಗಿಂತ ಸುಸ್ತು ಹೆಚ್ಚಿತ್ತು. "ಶುಕ್ರವಾರ ಜನಕ್ಕ ಏನು ಹೇಳ್ಲಿ ನಾ? ಮಜ್ಜಿಗಿ ಕುಡೀರಿ ಅನ್ಲೇನು?" ಸ್ನೇಹಲಳ ಕಡೆ ನೋಡಿದ. ಅವಳು ತಲೆಯಾಡಿಸಿದಳು. "ಹರಿಬಿಡ್ರಿ ಹಂಗಾದ್ರ. ಮತ್ತ ಹಣಮಂತರಾಯರ, ನಾಳಿಂದ ನೀವು ಗೇಟಿನ ಕಡೆ ಕೂಡ್ರಿ. ಕುರ್ಚಿ ಹಾಕಸ್ತೀನಿ. ನೀರಿನ ಕೋಣಿ ಬ್ಯಾಡ."

ಅಪ್ಪ ಗ್ಲಾಸನ್ನು ಮೇಜಿನ ಮೇಲೆ, ಅದು ಮೊದಲು ಇದ್ದ ಒದ್ದೆ ಗುರುತಿನ ಮೇಲೆಯೇ ಇಟ್ಟ. "ಅಲ್ಲೆ ನೆಳ್ಳ ಐತೇನ್ರಿ?"

"ಬೇವಿನ ಗಿಡ ಅದ."

"ಹಂಗಾದ್ರ ಆತು ಬಿಡ್ರಿ." ಕಿಸೆಯಿಂದ ನೀರಿನ ಕೋಣೆಯ ಕೀಲಿ ತೆಗೆದು ಗ್ಲಾಸಿನ ಪಕ್ಕಕ್ಕೆ ಇಟ್ಟ.

ಸಂಘಮಿತ್ರಾ ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು. ಕಾರಣದ ಕೆಳಗೆ ಇನ್ನೊಂದು ಸಾಲು ಬರೆದಳು. ಟಾಕಿಗೆ ಬ್ಲೀಚಿಂಗ್ ಪುಡಿ ಹಾಕಲಾಗಿದೆ ಎಂದು ಬರೆದು, 'ಹಾಕಲಾಗಿದೆ' ಎಂಬುದನ್ನು ಹೊಡೆದುಹಾಕಿ, ಹಾಕಿದವರ ಹೆಸರು ಬರೆದಳು. ಹೆಸರಿನ ಕೆಳಗೆ ಮತ್ತೆ ಸಹಿ ಮಾಡಿದಳು.

ಸ್ನೇಹಲ ಹಂಡೆಯ ಕೆಳಗಿನ ನಳವನ್ನು ತಾನೇ ಬಿಟ್ಟಳು. ಮಧ್ಯಾಹ್ನದ ಬಿಸಿಲು ಹಿಂದಿನ ಬಾಗಿಲಿಂದ ಒಳಗೆ ಬಿದ್ದಿತ್ತು. ಬಂಗಾರದ ಬಣ್ಣದ ಧಾರೆ ನೆಲದ ಕಾಲುವೆಗೆ ಬಿದ್ದು ನೊರೆಯಾಯಿತು. ನೊರೆ ಜಾಲರಿಯ ಮೇಲೆ ಏರಿ, ಕಾಲುವೆ ತುಂಬಿ, ಫರಸಿಯ ಮೇಲೆಲ್ಲ ಹರಡಿತು.

"ಇದು ಹಿಂಗ ಇಳಿಯೂದಿಲ್ಲ," ಎಂದು ಅಪ್ಪ ಪ್ಯಾಂಟು ಮಡಚಿ ಪೊರಕೆ ತಂದ. "ಹಿಂದಕ ಸರೀರಿ ಬಾಯಾರ."

"ನೀವು ಆ ಕಡೆಯಿಂದ ಎಳೀರಿ ಕಾಕಾ, ನಾ ಈ ಕಡೆ ನೋಡ್ತೀನಿ." ಸ್ನೇಹಲ ಮೂಗು ಒರೆಸಿಕೊಂಡು ಇನ್ನೊಂದು ಪೊರಕೆ ಹಿಡಿದಳು.

ಒಂದು ಕಡೆಯಿಂದ ದೂಡಿದರೆ ನೊರೆ ಇನ್ನೊಂದು ಕಡೆಯಿಂದ ಬಂದು ಅಪ್ಪನ ಪಾದ ಮುಚ್ಚುತ್ತಿತ್ತು. ಹಂಡೆಯಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಇತ್ತು. ಸಂಘಮಿತ್ರಾ ಹೊಸ್ತಿಲ ಮೇಲೆ ಚಪ್ಪಲಿ ಬಿಟ್ಟು, ಸೀರೆ ಎತ್ತಿ ಸಿಕ್ಕಿಸಿಕೊಂಡು, ನೊರೆಯೊಳಗೆ ಕಾಲಿಟ್ಟಳು. ತಣ್ಣಗಿತ್ತು.