ಬಾವಿಯ ಕರಿ ಆಮೆ

ಮಹಾಲಕ್ಷ್ಮಿ ಬಾವಿಕಟ್ಟೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಸದ್ದಾಗದಂತೆ ಪಾತ್ರೆ ತಿಕ್ಕುತ್ತಿದ್ದಳು. ಲಗ್ಗೆರೆಯ ಆ ವಠಾರದಲ್ಲಿ ಅವಳಿಗೂ ಅಮ್ಮನಿಗೂ ಒಂದೇ ಕೋಣೆ. ಓನರ್ ಮಗ ಲೋಕೇಶನಿಗೆ ಎದುರಾಡಿದ ಬಾಡಿಗೆಯವರು ಅಲ್ಲಿ ಹೆಚ್ಚು ದಿನ ಉಳಿದದ್ದಿಲ್ಲ. ಗಾರ್ಮೆಂಟ್ಸ್‌ಗೆ ಹೊರಡುವಾಗಲೆಲ್ಲ ಅಮ್ಮ ಹೇಳುತ್ತಿದ್ದಳು, ಬಾಯಿ ಮುಚ್ಕೊಂಡಿರು ಎಂದು.

ಒಡೆದ ಕಟ್ಟಡದ ಇಟ್ಟಿಗೆ, ಕಾಂಕ್ರೀಟ್ ತುಂಬಿದ ಲಾರಿ ಗೇಟಿನೊಳಗೆ ಹಿಮ್ಮುಖವಾಗಿ ಬರುತ್ತಿತ್ತು; ಲೋಕೇಶ್ ಪಕ್ಕದಲ್ಲಿ ನಿಂತು ದಾರಿ ತೋರಿಸುತ್ತಿದ್ದ. ಬಾವಿ ಮುಚ್ಚಿ, ಅದರ ಮೇಲೆ ಕೋಣೆ ಕಟ್ಟಿಸುವುದು ಲೋಕೇಶನ ಯೋಜನೆ.

ಕೊನೆಯ ಸಲ ನೀರು ಸೇದಲು ಬಗ್ಗಿದಾಗ, ಕೆಳಗೆ ಪುಟ್ಟ ತಲೆಯೊಂದು ಮೇಲೆದ್ದು ಉಸಿರೆಳೆದುಕೊಂಡಿತು.

"ಅಣ್ಣ, ಆಮೆ ಇದೆ."

ಅದು ತನ್ನ ಮಗ ಅಂಗಡಿಯಿಂದ ತಂದು ಬಿಟ್ಟದ್ದು, ಬೇಕಾದರೆ ಇನ್ನೊಂದು ತಂದರಾಯ್ತು ಎಂದ ಲೋಕೇಶ್.

ಅವಳು ಮತ್ತೆ ನೋಡಿದಳು. ಅಂಗಡಿ ಆಮೆಯನ್ನು ಅವಳು ಓನರ್ ಮನೆಯ ಟಬ್ಬಿನಲ್ಲಿ ನೋಡಿದ್ದಳು. ಅದರ ಕಣ್ಣಿನ ಹಿಂದೆ ಕೆಂಪು ಪಟ್ಟೆ. ಇದರದು ಕರಿ ಬೆನ್ನು, ಉದ್ದಕ್ಕೆ ಏಣಿನಂತೆ ಎದ್ದ ಮೂರು ಗೆರೆ.

"ಇದು ಅದಲ್ಲ ಅಣ್ಣ. ಕೆಂಪು ಪಟ್ಟೆ ಇಲ್ಲ."

"ಆಮೆಗೂ ಆಧಾರ್ ಕೇಳ್ತೀಯೇನಮ್ಮ? ನಿಂಗೆ ರೂಮು ಬೇಕಾ, ಆಮೆ ಬೇಕಾ?"

ಡ್ರೈವರ್ ನಕ್ಕ. ಜಗಲಿಯ ಮೇಲಿದ್ದ ಲೋಕೇಶನ ಅಪ್ಪ ಹನುಮಂತಯ್ಯ ನಗಲಿಲ್ಲ. ಎದ್ದು ಬಂದು ಬಾವಿಗೆ ಇಣುಕಿದರು. ಬಾವಿ ತೋಡಿಸಿದ ವರ್ಷ, ನೀರು ಕೆಡದಿರಲೆಂದು ಅವರವ್ವ ಕೆರೆಯಿಂದ ಒಂದು ಜೋಡಿ ಕರಿ ಆಮೆ ತಂದು ಬಿಟ್ಟಿದ್ದಳು. ಆ ಕೆರೆಯಲ್ಲೀಗ ಜನ ಸಾಕಿ ಬೇಸತ್ತು ಬಿಟ್ಟ ಕೆಂಪು ಪಟ್ಟೆಯವೇ ತುಂಬಿವೆ. ಕರಿ ಆಮೆ ಅವರ ಕಣ್ಣಿಗೆ ಬಿದ್ದು ಎಷ್ಟೋ ಕಾಲವಾಗಿತ್ತು.

"ಅವ್ವ ಬಿಟ್ಟಿದ್ದು ಕಣೋ ಇದು. ಇದರ ಮ್ಯಾಲೆ ಕಲ್ಲು ಸುರೀತೀಯಾ?"

ಈ ನೀರನ್ನು ಈಗ ಯಾರು ಕುಡಿಯುತ್ತಾರೆ, ನಾಳೆ ಯಾರದೋ ಮಗು ಬಿದ್ದರೆ ಹೊಣೆ ಯಾರು ಎಂದು ಲೋಕೇಶ್ ಕೇಳಿದ. ಮಾತು ಸುಳ್ಳಲ್ಲ. ಅಷ್ಟರಲ್ಲಿ ಮಹಾಲಕ್ಷ್ಮಿ ಪಾತ್ರೆ ಬುಟ್ಟಿಯನ್ನು ಬರಿದುಮಾಡಿ, ಹಗ್ಗಕ್ಕೆ ಬಿಗಿದು ಬಾವಿಗೆ ಇಳಿಬಿಟ್ಟಳು. ಹನುಮಂತಯ್ಯ ಬಂದು ಹಗ್ಗಕ್ಕೆ ಕೈ ಕೊಟ್ಟರು. ಆಮೆ ಮತ್ತೆ ಮತ್ತೆ ಜಾರಿತು. ಕೊನೆಗೆ ಬುಟ್ಟಿ ಭಾರವಾಯಿತು.

ಒದ್ದೆ ಟವೆಲಿನಲ್ಲಿ ಸುತ್ತಿದ ಆಮೆಯನ್ನು ಹನುಮಂತಯ್ಯ ಎದೆಗೊತ್ತಿಕೊಂಡರು. ಕೆರೆಯದು ಕೆರೆಗೇ ಹೋಗಲಿ ಎಂದರು. ಆಯ್ತಲ್ಲ ಎಂದು ಲೋಕೇಶ್ ಡ್ರೈವರ್‌ಗೆ ಕೈಬೀಸಿದ. ಲಾರಿಯ ತೊಟ್ಟಿ ಮೇಲೇಳತೊಡಗಿತು. ಒಂದು ಇಟ್ಟಿಗೆ ಜಾರಿ ನೀರಿಗೆ ಬಿತ್ತು. ಅಲೆ ಅಡಗುವಲ್ಲಿ ಮತ್ತೊಂದು ಕರಿ ತಲೆ ಕಾಣಿಸಿತು.

ಮಹಾಲಕ್ಷ್ಮಿ ಲಾರಿಗೂ ಬಾವಿಗೂ ನಡುವೆ ಹೋಗಿ ನಿಂತಳು. ಒದ್ದೆ ಕೈಯನ್ನು ಡ್ರೈವರ್ ಕಡೆಗೆ ಅಡ್ಡ ಹಿಡಿದಳು.

"ಇನ್ನೊಂದಿದೆ ಅಣ್ಣ. ಲಾರಿ ಆಫ್ ಮಾಡಿ."

ಹನುಮಂತಯ್ಯ ಆಮೆಯನ್ನು ಎದೆಗೊತ್ತಿಕೊಂಡೇ ಬಂದು ಅವಳ ಪಕ್ಕ ನಿಂತರು.